ನಾರಾದಲ್ಲಿ ಒಂದು ದಿನ: ಗುಡಿ, ವಿಹಾರ ಮತ್ತು ನಡುವಣ ಗೆರೆ

ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನ ನಮ್ಮ ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರು ದೂರದಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ಪ್ರದಕ್ಷಿಣೆ ಬರುತ್ತ ಮೂರು ಮುಖ, ಆರು ಕೈಗಳ ಕಂಚಿನ ಮೂರ್ತಿಯೊಂದಕ್ಕೆ ಕೈಮುಗಿಯುತ್ತೇವೆ. ಆಳುಪ ಅರಸನಾದ ಕುಂದವರ್ಮನು ಕ್ರಿ.ಶ. 968ರಲ್ಲಿ ಕದಿರಿಕಾ ವಿಹಾರದಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಮೂರ್ತಿಯಿದು ಎಂಬುದನ್ನು ಅದರ ಪೀಠದ ಶಾಸನವೇ ತಿಳಿಸುತ್ತದೆ. ಲೋಕೇಶ್ವರನೆಂದರೆ ಬೌದ್ಧರ ಅವಲೋಕಿತೇಶ್ವರ ಬೋಧಿಸತ್ತ್ವ. ಲೋಕದ ಅಳಲನ್ನು ಕರುಣೆಯಿಂದ ನೋಡುವವನು. ಆತ ಇಂದು ಶಿವಾಲಯದಲ್ಲಿ ಇದ್ದಾನೆ. ವಿಹಾರವು ಎಂದು ದೇವಾಲಯವಾಯಿತೆಂದು ಪೂಜೆಗೆ ನಿಂತವರು ಯಾರೂ ಕೇಳುವುದಿಲ್ಲ. ಹೂವು, ಗಂಧ, ಆರತಿ ಎಲ್ಲವೂ ಆತನಿಗೆ ಸಲ್ಲುತ್ತಲೇ ಇವೆ.

ಕಳೆದ ಅಕ್ಟೋಬರ್ ತಿಂಗಳಲ್ಲಿ ಓಸಾಕಾದಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಗೆ ನಾವು ದಂಪತಿ ಹೋಗಿದ್ದೆವು. ಜಪಾನಿನ ಪ್ರಾಚೀನ ರಾಜಧಾನಿಯಾದ ನಾರಾ ಪಟ್ಟಣ ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಬೆಳಗ್ಗೆ ಹೊರಟು ಅಲ್ಲಿನ ಬೌದ್ಧ ದೇಗುಲಗಳನ್ನೂ ಶಿಂತೋ ಗುಡಿಗಳನ್ನೂ ಕಾಲ್ನಡಿಗೆಯಲ್ಲೇ ನೋಡಿ ರಾತ್ರಿಯೊಳಗೆ ಮರಳಬಹುದು. ಹೊರಡುವ ದಿನವನ್ನು ಮಗಳೇ ಆರಿಸಿದ್ದಳು: ಅಕ್ಟೋಬರ್ 5. ಆ ದಿನವೇ ಏಕೆ ಎಂದು ಕೇಳಿದರೆ, “ವರ್ಷಕ್ಕೆ ಒಂದೇ ದಿನ ದರ್ಶನ ಕೊಡುವ ಒಬ್ಬರಿದ್ದಾರೆ, ಅಪ್ಪ. ಅಲ್ಲಿ ಹೋದ ಮೇಲೆ ಹೇಳುತ್ತೇನೆ” ಎಂದಷ್ಟೇ ನುಡಿದಳು.

ಹೊರಡುವ ಮುನ್ನ ಎರಡು ಮಾತು ಅವಶ್ಯ. ಶಿಂತೋ ಜಪಾನಿನ ನೆಲದಲ್ಲೇ ಹುಟ್ಟಿದ ಆರಾಧನೆ. ಬೆಟ್ಟ, ಮರ, ನೀರು, ಪೂರ್ವಿಕರು, ವೀರರು ಇವರಲ್ಲೆಲ್ಲ ನೆಲಸಿದ ಶಕ್ತಿಗಳನ್ನು ಅವರು ‘ಕಾಮಿ’ ಎನ್ನುತ್ತಾರೆ. ನಮ್ಮ ತುಳುನಾಡಿನ ದೈವಗಳನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ತಿಳಿದೀತು. ಬೌದ್ಧಧರ್ಮವಾದರೋ ಭಾರತದಲ್ಲಿ ಹುಟ್ಟಿ, ಚೀನಾ ಮತ್ತು ಕೊರಿಯಾಗಳನ್ನು ದಾಟಿ, 6ನೇ ಶತಮಾನದಲ್ಲಿ ಜಪಾನಿಗೆ ಬಂದಿತು. ಬಂದ ಧರ್ಮವು ಇದ್ದ ದೈವಗಳನ್ನು ಓಡಿಸಲಿಲ್ಲ. ಅವುಗಳ ಪಕ್ಕದಲ್ಲಿ ಮನೆ ಕಟ್ಟಿಕೊಂಡಿತು. ಮುಂದೆ ಕಾಮಿಗಳೆಂದರೆ ಬುದ್ಧ, ಬೋಧಿಸತ್ತ್ವರೇ ಈ ನೆಲದಲ್ಲಿ ತಾಳಿದ ರೂಪಗಳೆಂಬ ತತ್ತ್ವವೂ ಬೆಳೆಯಿತು. ಅವತಾರದ ಕಲ್ಪನೆಯಲ್ಲಿ ಬೆಳೆದ ನಮಗೆ ಇದೂ ಹೊಸತಲ್ಲ.

ಒಂದೇ ಮನೆತನದ ಎರಡು ಆಲಯಗಳು

ನಾರಾ ಕ್ರಿ.ಶ. 710ರಿಂದ 784ರವರೆಗೆ ಜಪಾನಿನ ರಾಜಧಾನಿಯಾಗಿತ್ತು. ರೈಲು ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಕೋಫುಕುಜಿ ಎಂಬ ಬೌದ್ಧ ದೇಗುಲ. ಅರಮನೆಯಲ್ಲಿ ಶತಮಾನಗಳ ಕಾಲ ಪ್ರಾಬಲ್ಯ ಪಡೆದಿದ್ದ ಫುಜಿವಾರಾ ಮನೆತನದ ದೇಗುಲವಿದು. ಅದೇ ಮನೆತನದ ಕುಲದೈವಗಳ ಗುಡಿ ಪೂರ್ವದ ಬೆಟ್ಟದ ಬುಡದಲ್ಲಿರುವ ಕಸುಗಾ. ನಮ್ಮ ಕಡೆಯ ತರವಾಡು ಮನೆಗಳಲ್ಲಿ ದೇವರ ಕೋಣೆಯೂ ದೈವದ ಚಾವಡಿಯೂ ಒಂದೇ ಹಿತ್ತಲಿನೊಳಗೆ ಇರುವುದಿಲ್ಲವೇ? ಹಾಗೆಯೇ ಇವೆರಡೂ ಒಂದೇ ಆಡಳಿತದಲ್ಲಿದ್ದವು. ಕಸುಗಾದ ದೈವಗಳ ಮುಂದೆ ಕೋಫುಕುಜಿಯ ಭಿಕ್ಷುಗಳು ಸೂತ್ರಗಳನ್ನು ಪಠಿಸುತ್ತಿದ್ದರು.

ಇಲ್ಲಿನ ಐದು ನೆಲೆಯ ಪಗೋಡ 1426ರಲ್ಲಿ ಪುನರ್ನಿರ್ಮಾಣಗೊಂಡದ್ದು. ಎತ್ತರ ಸುಮಾರು 50 ಮೀಟರು. ನಾವು ಹೋದಾಗ ಜೀರ್ಣೋದ್ಧಾರಕ್ಕಾಗಿ ಅದರ ಸುತ್ತ ಮರೆ ಕಟ್ಟಿದ್ದರು. ಆ ನಿರಾಸೆಯನ್ನು ನಿಧಿಭವನದೊಳಗಿನ ಮೂರ್ತಿಗಳು ಮರೆಸಿದವು. ಕ್ರಿ.ಶ. 734ರಲ್ಲಿ ಅರಗಿನ ಲೇಪದಿಂದ ರೂಪಿಸಿದ ಎಂಟು ಪರಿವಾರ ದೇವತೆಗಳು ಅಲ್ಲಿವೆ. ಮಗಳು ಒಂದೊಂದರ ಹೆಸರು ಓದುತ್ತಿದ್ದಂತೆ ನಮ್ಮ ಕಿವಿ ನೆಟ್ಟಗಾಯಿತು: ಕಾರುರಾ, ಕಿನ್ನರಾ, ಆಶುರಾ. ಗರುಡ, ಕಿನ್ನರ, ಅಸುರರೇ ಇವರು! ಹಕ್ಕಿಯ ಕೊಕ್ಕಿನ ಗರುಡನನ್ನು ಗುರುತಿಸಲು ನಮಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅಸುರನ ಮೂರ್ತಿಯ ಮುಂದೆ ಮಾತ್ರ ಬಹಳ ಹೊತ್ತು ನಿಂತೆವು. ಮೂರು ಮುಖ, ಆರು ಕೈ. ಯಕ್ಷಗಾನದ ಬಣ್ಣದ ವೇಷದ ಅಬ್ಬರ ಅವನಲ್ಲಿ ಇಲ್ಲ. ಎಳೆಯ ಹುಡುಗನ ಮುಖ; ಹುಬ್ಬು ತುಸು ಗಂಟಿಕ್ಕಿದೆ; ಎದುರಿನ ಎರಡು ಕೈಗಳು ಮುಗಿಯುತ್ತಿವೆ. ಮಾಡಿದ ತಪ್ಪನ್ನು ನೆನೆದು ಪಶ್ಚಾತ್ತಾಪ ಪಡುವವನಂತೆ ಕಂಡನು. ಬೆಳಗ್ಗೆ ನೋಡಿದ ಈ ಮುಖ ಸಂಜೆಯವರೆಗೂ ನಮ್ಮ ಮನಸ್ಸಿನಲ್ಲಿ ಉಳಿದಿತ್ತು.

ದಕ್ಷಿಣ ಭಾರತದ ಭಿಕ್ಷು ಬಿಡಿಸಿದ ಕಣ್ಣು

ಕೋಫುಕುಜಿಯಿಂದ ಪೂರ್ವಕ್ಕೆ ನಡೆದರೆ ವಿಶಾಲವಾದ ಉದ್ಯಾನ. ಅಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಬೇಲಿಯಿಲ್ಲದೆ ತಿರುಗಾಡುತ್ತವೆ. ಅಂಗಡಿಗಳಲ್ಲಿ ದೊರೆಯುವ ತೌಡಿನ ಬಿಸ್ಕತ್ತನ್ನು ಕೈಯಲ್ಲಿ ಹಿಡಿದರೆ ತಲೆಬಾಗಿ ವಂದಿಸಿ ಬೇಡುತ್ತವೆ; ಕೊಡಲು ತಡವಾದರೆ ಸೆರಗನ್ನೇ ಎಳೆಯುತ್ತವೆ. ನಮ್ಮ ಮನೆಯವರು ಇದನ್ನು ಅನುಭವದಿಂದಲೇ ಕಲಿತರು. ಕಸುಗಾದ ಮೊದಲನೆಯ ದೈವವು ಪೂರ್ವದ ಕಾಶಿಮಾದಿಂದ ಬಿಳಿಯ ಜಿಂಕೆಯನ್ನೇರಿ ಬಂದನೆಂಬ ನಂಬಿಕೆಯಿರುವುದರಿಂದ ಇವು ದೈವದ ಪರಿವಾರ.

ಮುಂದೆ ತೋದಾಯ್‌ಜಿಯ ದಕ್ಷಿಣ ಮಹಾದ್ವಾರ. ಅದರೊಳಗೆ ಎಡಬಲಗಳಲ್ಲಿ 8 ಮೀಟರಿಗೂ ಮಿಕ್ಕ ಎತ್ತರದ ಇಬ್ಬರು ದ್ವಾರಪಾಲಕರು. 1203ರಲ್ಲಿ ಉಂಕೇಯ್, ಕಾಯ್ಕೇಯ್ ಮೊದಲಾದ ಶಿಲ್ಪಿಗಳು 69 ದಿನಗಳಲ್ಲಿ ಮರದಿಂದ ಇವರನ್ನು ರೂಪಿಸಿದರು. ಒಬ್ಬ ಬಾಯಿ ತೆರೆದು ‘ಅ’ ಎನ್ನುತ್ತಾನೆ. ಇನ್ನೊಬ್ಬ ಬಾಯಿ ಮುಚ್ಚಿ ‘ಹೂಂ’ ಎನ್ನುತ್ತಾನೆ. ಸಂಸ್ಕೃತ ವರ್ಣಮಾಲೆಯ ಆದಿ ಮತ್ತು ಅಂತ್ಯದ ಸಂಕೇತವಂತೆ.

ಮಹಾಬುದ್ಧನ ಕಥೆ ಒಂದು ಸಂಕಟದಿಂದ ಆರಂಭವಾಗುತ್ತದೆ. ಕ್ರಿ.ಶ. 735ರಿಂದ 737ರವರೆಗೆ ಸಿಡುಬು ಜಪಾನನ್ನು ಧ್ವಂಸ ಮಾಡಿತು. ಫುಜಿವಾರಾ ಮನೆತನದ ನಾಲ್ವರು ಪ್ರಬಲ ಸಹೋದರರೂ 737ರ ಒಂದೇ ವರ್ಷದಲ್ಲಿ ತೀರಿಕೊಂಡರು. ನೊಂದ ಚಕ್ರವರ್ತಿ ಶೋಮು 743ರಲ್ಲಿ ವೈರೋಚನ ಬುದ್ಧನ ಮಹಾಮೂರ್ತಿಯನ್ನು ಎರಕ ಹೊಯ್ಯುವ ಸಂಕಲ್ಪ ಮಾಡಿದನು. ಒಂದು ಎಸಳು ಹುಲ್ಲನ್ನೋ ಒಂದು ಹಿಡಿ ಮಣ್ಣನ್ನೋ ತಂದು ನೆರವಾಗುವೆನೆನ್ನುವವರನ್ನೂ ತಡೆಯಬಾರದೆಂದು ಆಜ್ಞೆಯಿತ್ತನು. ಊರೂರು ತಿರುಗಿ ಸೇತುವೆ, ಕೆರೆಗಳನ್ನು ಕಟ್ಟಿಸುತ್ತಿದ್ದ ಭಿಕ್ಷು ಗ್ಯೋಕಿ ಜನರಿಂದ ಕಾಣಿಕೆ ಸಂಗ್ರಹಿಸಲು ನಿಂತನು. ಕಾರ್ಯ ಪೂರ್ಣಗೊಳ್ಳುವ ಮುನ್ನವೇ, 749ರಲ್ಲಿ, ಆತ ಕಾಲವಾದನು.

752ರಲ್ಲಿ ನೇತ್ರೋನ್ಮೀಲನ ನೆರವೇರಿತು. ಮೂರ್ತಿಗೆ ಕಣ್ಣು ಬಿಡಿಸಿದವನು ಬೋಧಿಸೇನ. ದಕ್ಷಿಣ ಭಾರತದ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಚೀನಾದ ಮಾರ್ಗವಾಗಿ 736ರಲ್ಲಿ ಜಪಾನಿಗೆ ಬಂದ ಭಿಕ್ಷು. ಆತನ ಕೈಯ ಕುಂಚಕ್ಕೆ ಉದ್ದವಾದ ನೀಲಿ ಹುರಿಯನ್ನು ಕಟ್ಟಿದ್ದರು. ಅದರ ಇನ್ನೊಂದು ತುದಿಯನ್ನು ಸೇರಿದ್ದ ಜನ ಹಿಡಿದು ನಿಂತರು. ಬರೆದ ಕೈ ಒಂದೇ ಆದರೂ ಕಣ್ಣು ಬಿಡಿಸಿದ ಪುಣ್ಯ ಹುರಿ ಹಿಡಿದವರೆಲ್ಲರದು. ಆ ಕುಂಚವೂ ಹುರಿಯೂ ತೋದಾಯ್‌ಜಿಯ ಹಿಂದಿನ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಬೋಧಿಸೇನನು ಮತ್ತೆ ತಾಯ್ನಾಡಿಗೆ ಮರಳಲಿಲ್ಲ. 760ರಲ್ಲಿ ಜಪಾನಿನಲ್ಲೇ ತೀರಿಕೊಂಡನು.

ಇಂದು ನಾವು ಕಾಣುವ ಮೂರ್ತಿಯ ಎತ್ತರ ಸುಮಾರು 15 ಮೀಟರು. ಆದರೆ ಎಲ್ಲವೂ ಬೋಧಿಸೇನನು ಕಂಡದ್ದಲ್ಲ. 1180ರ ಯುದ್ಧದಲ್ಲಿ ಸಭಾಮಂದಿರ ಸುಟ್ಟುಹೋಯಿತು. ಅರುವತ್ತು ದಾಟಿದ ಭಿಕ್ಷು ಚೋಗೆನ್ ದೇಶ ಸುತ್ತಿ ಹಣ ಕೂಡಿಸಿ ಅದನ್ನು ಮತ್ತೆ ಕಟ್ಟಿಸಿದನು. 1185ರಲ್ಲಿ ಮರಳಿ ಕಣ್ಣು ಬಿಡಿಸಿದಾಗ ಭಂಡಾರದಿಂದ ಅದೇ ಹಳೆಯ ಕುಂಚವನ್ನು ಹೊರತೆಗೆದರು. 1567ರಲ್ಲಿ ಮತ್ತೊಮ್ಮೆ ಯುದ್ಧ, ಮತ್ತೊಮ್ಮೆ ಬೆಂಕಿ. ಬುದ್ಧನು ನೂರು ವರ್ಷಕ್ಕೂ ಹೆಚ್ಚು ಕಾಲ ಸರಿಯಾದ ಸೂರಿಲ್ಲದೆ ಮಳೆಗಾಳಿಯಲ್ಲಿ ಕುಳಿತನು. ಈಗಿನ ತಲೆ 17ನೇ ಶತಮಾನದ್ದು, ಮಂದಿರ 1709ರದ್ದು. ಮೂಲ ಮಂದಿರದ ಅಗಲ 86 ಮೀಟರಾಗಿದ್ದರೆ ಇದರದು 57 ಮೀಟರು. ಹಾಗಿದ್ದೂ ಒಳಗೆ ಕಾಲಿಟ್ಟಾಗ ನಮ್ಮ ಮಾತು ತಾನಾಗಿ ನಿಂತಿತು. ಕಮಲಪೀಠದ ಎಸಳುಗಳಲ್ಲಿ ಕೆಲವು ಮಾತ್ರ 8ನೇ ಶತಮಾನದ ರೇಖಾಚಿತ್ರಗಳೊಡನೆ ಉಳಿದಿವೆ.

ಕಾಷಾಯ ತೊಟ್ಟ ದೈವ

ಮಹಾಬುದ್ಧನ ಕಾರ್ಯಕ್ಕೆ ದೈವವೊಂದರ ನೆರವೂ ಇತ್ತು. ಕ್ಯೂಷು ದ್ವೀಪದ ಉಸಾ ಎಂಬಲ್ಲಿಯ ಹಚಿಮಾನ್ ದೈವವು, ಭೂಮ್ಯಾಕಾಶಗಳ ಸಮಸ್ತ ದೈವಗಳನ್ನು ಕೂಡಿಕೊಂಡು ಈ ಕೆಲಸ ಮಾಡಿಸುವೆನೆಂದು ನುಡಿಕೊಟ್ಟಿತೆಂಬುದು ಐತಿಹ್ಯ. 749ರಲ್ಲಿ ಆ ದೈವವನ್ನು ನಾರಾಕ್ಕೆ ವೈಭವದಿಂದ ಬರಮಾಡಿಕೊಂಡು ತೋದಾಯ್‌ಜಿಯ ರಕ್ಷಕನಾಗಿ ನೆಲೆಗೊಳಿಸಿದರು. ನಮ್ಮ ಊರಿನ ದೇವಸ್ಥಾನಗಳಲ್ಲಿ ಕ್ಷೇತ್ರಪಾಲನಿಗೆ ಇರುವ ಸ್ಥಾನವೇ ಅಲ್ಲಿ ಹಚಿಮಾನನದು. ಇಂದು ಆ ಗುಡಿ ಮಹಾಬುದ್ಧನ ಮಂದಿರದ ಪೂರ್ವದ ದಿಬ್ಬದಲ್ಲಿದೆ. ಹೆಸರು ತಮುಕೆಯಾಮಾ ಹಚಿಮಾನ್. ಅಕ್ಟೋಬರ್ 5 ಅದರ ಉತ್ಸವದ ದಿನ. ಅಂದು ದೈವದ ಪಲ್ಲಕ್ಕಿ ತೋದಾಯ್‌ಜಿಯ ಪಶ್ಚಿಮದ ತೆಗಾಯ್ ದ್ವಾರಕ್ಕೆ ಹೋಗುತ್ತದೆ. ಯುದ್ಧದ ಬೆಂಕಿಗಳಿಂದ ಪಾರಾಗಿ ಉಳಿದ 8ನೇ ಶತಮಾನದ ದ್ವಾರ ಅದು. ಬೌದ್ಧ ದೇಗುಲದ ಬಾಗಿಲಾದರೂ ಅದಕ್ಕೆ ಶಿಂತೋ ಗುಡಿಗಳಲ್ಲಿ ಕಟ್ಟುವಂತಹ ದಪ್ಪನೆಯ ಹುಲ್ಲಿನ ಹಗ್ಗವನ್ನು ಕಟ್ಟಿದ್ದಾರೆ.

ವರ್ಷಕ್ಕೆ ಒಂದೇ ದಿನ ದರ್ಶನ ಕೊಡುವವರು ಯಾರೆಂಬುದು ಆಗ ತಿಳಿಯಿತು. ಅದೇ ದಿನ ತೋದಾಯ್‌ಜಿಯ ಆವರಣದ ಚಿಕ್ಕ ಮಂದಿರವೊಂದರ ಬಾಗಿಲು ತೆರೆಯುತ್ತದೆ. ಸಾಲಿನಲ್ಲಿ ನಿಂತು ಒಳಗೆ ಇಣುಕಿದರೆ, ಮಂಡೆ ಬೋಳಿಸಿ, ಕಾಷಾಯ ಹೊದ್ದು, ಕೈಯಲ್ಲಿ ದಂಡ ಹಿಡಿದು ಕುಳಿತ ಒಬ್ಬ ಭಿಕ್ಷು. ಶಿಲ್ಪಿ ಕಾಯ್ಕೇಯ್ 1201ರಲ್ಲಿ ಮಾಡಿದ ಮರದ ಮೂರ್ತಿಯಿದು. ಬಣ್ಣಗಳು ಇಂದಿಗೂ ಅಚ್ಚಳಿಯದೆ ಇವೆ. ಯಾವ ಭಿಕ್ಷು ಎಂದು ನಾವು ಕೇಳಿದೆವು.

“ಭಿಕ್ಷು ಅಲ್ಲ ಅಪ್ಪ, ಇವನೇ ಹಚಿಮಾನ್.”

ಬುದ್ಧನ ಸೇವೆಗೆ ಬಂದ ದೈವವು ಬುದ್ಧನ ಶಿಷ್ಯನ ವೇಷವನ್ನೇ ತೊಟ್ಟಿತ್ತು. ಶಿಂತೋ ಗುಡಿಯಲ್ಲಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಪದ್ಧತಿ. ಬೌದ್ಧ ದೇಗುಲದಲ್ಲಿ ಸದ್ದಿಲ್ಲದೆ ಕೈಮುಗಿಯಬೇಕು. ಇಲ್ಲಿ ಯಾವ ಕ್ರಮವೆಂದು ಮಗಳು ಸಾಲಿನಲ್ಲಿದ್ದ ವೃದ್ಧೆಯೊಬ್ಬರನ್ನು ವಿಚಾರಿಸಿದಳು. ಆಕೆ ನಕ್ಕು, “ದಿಬ್ಬದ ಮೇಲೆ ಚಪ್ಪಾಳೆ ತಟ್ಟಿ ಬಂದೆ. ಇಲ್ಲಿ ಸುಮ್ಮನೆ ಕೈಮುಗಿಯುತ್ತೇನೆ. ಅವರಿಗೆ ಎರಡೂ ಗೊತ್ತು” ಎಂದರು.

ದೈವವು ದಿಬ್ಬದ ಮೇಲಿನ ತನ್ನ ಗುಡಿಯಲ್ಲಿರದೆ ಇಲ್ಲೇಕೆ ಇದ್ದಾನೆ? ಈ ಪ್ರಶ್ನೆಯ ಉತ್ತರಕ್ಕಾಗಿ 1868ಕ್ಕೆ ಹೋಗಬೇಕು.

1868ರ ಗೆರೆ

ಆ ವರ್ಷ ಜಪಾನಿನಲ್ಲಿ ಶೋಗುನರ ಆಡಳಿತ ಮುಗಿದು ಮೇಯ್ಜಿ ಸರಕಾರ ಬಂದಿತು. ಚಕ್ರವರ್ತಿಯನ್ನು ಕೇಂದ್ರವಾಗಿಟ್ಟು ರಾಷ್ಟ್ರವನ್ನು ಕಟ್ಟಬೇಕಾಗಿದ್ದ ಹೊಸ ಸರಕಾರಕ್ಕೆ, ಚಕ್ರವರ್ತಿಯ ವಂಶವನ್ನು ದೈವಗಳೊಡನೆ ಬೆಸೆಯುವ ಶುದ್ಧ ಶಿಂತೋ ಬೇಕಾಗಿತ್ತು. ದೈವಗಳನ್ನೂ ಬುದ್ಧರನ್ನೂ ಬೇರ್ಪಡಿಸಬೇಕೆಂದು ಆಜ್ಞೆಗಳು ಹೊರಟವು. ಗುಡಿಗಳಲ್ಲಿದ್ದ ಭಿಕ್ಷುಗಳು ವೇಷ ಬಿಡಬೇಕು. ದೈವದ ಸ್ಥಾನದಲ್ಲಿ ಬುದ್ಧಮೂರ್ತಿಯಿದ್ದರೆ ತೆಗೆಯಬೇಕು. ಆಜ್ಞೆ ಹೇಳಿದ್ದು ಬೇರ್ಪಡಿಸಲು ಮಾತ್ರ, ಒಡೆಯಲು ಅಲ್ಲ. ಆದರೆ ಹಿಂದಿನ ಆಡಳಿತದಲ್ಲಿ ಪ್ರತಿ ಮನೆಯೂ ಒಂದು ಬೌದ್ಧ ದೇಗುಲದಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು. ಅದರಿಂದ ದೇಗುಲಗಳಿಗೆ ಅಧಿಕಾರವೂ ಆದಾಯವೂ ದೊರೆತಿದ್ದವು. ಅದರ ಬಗೆಗೆ ಕೂಡಿಟ್ಟಿದ್ದ ಅಸಮಾಧಾನಕ್ಕೆ ಈಗ ನೆಪ ಸಿಕ್ಕಿತು. ಹಲವೆಡೆ ಮೂರ್ತಿಗಳು ಒಡೆದುಹೋದವು, ಗ್ರಂಥಗಳು ಸುಟ್ಟುಹೋದವು, ಗಂಟೆಗಳು ಕರಗಿದವು.

ಕೋಫುಕುಜಿಗೆ ಬಿದ್ದ ಪೆಟ್ಟು ಘೋರವಾದುದು. ಅಲ್ಲಿನ ಭಿಕ್ಷುಗಳು ಕಾಷಾಯ ಕಳಚಿ ಕಸುಗಾ ಗುಡಿಯ ಅರ್ಚಕರಾದರು. ಸಾವಿರ ವರ್ಷಗಳ ದೇಗುಲ ಕೆಲವೇ ದಿನಗಳಲ್ಲಿ ದಿಕ್ಕಿಲ್ಲದಂತಾಯಿತು. ಅದರ ಭೂಮಿ ಸರಕಾರದ ಪಾಲಾಯಿತು, ಆವರಣದ ಗೋಡೆಗಳು ಬಿದ್ದವು. ಐದು ನೆಲೆಯ ಪಗೋಡವನ್ನು ಕೊಂಡವನೊಬ್ಬ, ಅದರ ಲೋಹಕ್ಕಾಗಿ ಸುಡಲು ಹೊರಟಾಗ, ತಮ್ಮ ಮನೆಗಳಿಗೂ ಬೆಂಕಿ ತಗುಲೀತೆಂದು ನೆರೆಹೊರೆಯವರು ತಡೆದರೆಂಬ ಕಥೆಯನ್ನು ನಾರಾದಲ್ಲಿ ಇಂದಿಗೂ ಹೇಳುತ್ತಾರೆ. ಬೆಳಗ್ಗೆ ನಾವು ಬೇಲಿಯಿಲ್ಲದ ಆ ಉದ್ಯಾನದ ಚೆಲುವನ್ನು ಹೊಗಳಿದ್ದೆವು. ಬೇಲಿ ಇಲ್ಲದ್ದು ಏಕೆಂದು ಈಗ ತಿಳಿಯಿತು. ದೇಗುಲದ ಗೋಡೆ ಬಿದ್ದ ನೆಲವೇ ಉದ್ಯಾನವಾಗಿತ್ತು. ನಾರಾದ ದಕ್ಷಿಣಕ್ಕೆ ತೆನ್ರಿ ಎಂಬಲ್ಲಿ ಉಚಿಯಾಮಾ ಏಯ್ಕ್ಯೂಜಿ ಎಂಬ ದೊಡ್ಡ ದೇಗುಲವಿತ್ತು. ಅದರದಂತೂ ಕಟ್ಟಡವೊಂದೂ ಇಂದು ಆ ಸ್ಥಳದಲ್ಲಿಲ್ಲ, ಕೊಳವೊಂದು ಉಳಿದಿದೆ.

ತೋದಾಯ್‌ಜಿಯಲ್ಲಿ ಗೆರೆ ಇನ್ನೊಂದು ಬಗೆಯಾಗಿ ಬಿದ್ದಿತು. ದಿಬ್ಬದ ಮೇಲಿನ ಗುಡಿ ಶಿಂತೋದ ಪಾಲಿಗೆ ಹೋಯಿತು. ಆದರೆ ಆ ಗುಡಿಯ ಆರಾಧ್ಯನು ಕಾಷಾಯದಲ್ಲಿದ್ದನಲ್ಲ! ಭಿಕ್ಷುವಿನ ರೂಪದ ಮೂರ್ತಿ ಶಿಂತೋ ಗುಡಿಯಲ್ಲಿರಲು ಸಾಧ್ಯವಿಲ್ಲವೆಂದು ಅದು ತೋದಾಯ್‌ಜಿಗೆ ಬಂದಿತು. ದೈವದ ಗುಡಿ ಒಂದು ಕಡೆ, ದೈವದ ಮೂರ್ತಿ ಇನ್ನೊಂದು ಕಡೆ. ಕಾಗದದ ಮೇಲೆ ಎಳೆದ ಗೆರೆ ಒಂದೇ ದೈವದ ನಡುವಿನಿಂದ ಹಾದುಹೋಯಿತು.

ಮುರಿದದ್ದನ್ನು ಕೂಡಿಸುವ ಕೆಲಸವೂ ನಿಧಾನವಾಗಿ ಆರಂಭವಾಯಿತು. 1881ರಲ್ಲಿ ಕೋಫುಕುಜಿಗೆ ತನ್ನ ಹೆಸರನ್ನು ಮತ್ತೆ ಬಳಸಲು ಅನುಮತಿ ದೊರೆಯಿತು. 1897ರಲ್ಲಿ ಪುರಾತನ ಗುಡಿ ಮತ್ತು ದೇಗುಲಗಳ ಸಂರಕ್ಷಣೆಗಾಗಿ ಕಾನೂನು ಬಂದಿತು. 1998ರಲ್ಲಿ ತೋದಾಯ್‌ಜಿ, ಕೋಫುಕುಜಿ, ಕಸುಗಾ ಗುಡಿ, ಅದರ ಹಿಂದಿನ ಕಾಡು ಸೇರಿದಂತೆ ನಾರಾದ ಎಂಟು ಸ್ಥಳಗಳು ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿ ಸೇರಿದವು.

ಗೆರೆಯನ್ನು ದಾಟುವ ಕಾಲುಗಳು

ಹಚಿಮಾನ್ ಗುಡಿಯ ಪಕ್ಕದಲ್ಲೇ ಹೊಕ್ಕೆದೋ. ತೋದಾಯ್‌ಜಿಯ ಅತಿ ಪ್ರಾಚೀನ ಮಂದಿರ. ಒಳಗೆ ಮೂರು ಕಣ್ಣು, ಎಂಟು ಕೈಗಳ ಅಮೋಘಪಾಶ ಅವಲೋಕಿತೇಶ್ವರ. ಕದ್ರಿಯ ಲೋಕೇಶ್ವರನ ಇನ್ನೊಂದು ರೂಪ! ಸುತ್ತಲೂ ಬ್ರಹ್ಮ, ಇಂದ್ರ, ನಾಲ್ವರು ದಿಕ್ಪಾಲಕರು. ಅಮೋಘಪಾಶನು ಜಿಂಕೆಯ ಚರ್ಮ ಹೊದ್ದವನೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಕಸುಗಾದ ದೈವದ ವಾಹನವೂ ಜಿಂಕೆ. ಹೀಗಾಗಿ ಇಬ್ಬರೂ ಒಬ್ಬನೇ ಎಂದು ಹಿಂದಿನವರು ಭಾವಿಸಿದ್ದರು. ನಾವು ಚಾಪೆಯ ಮೇಲೆ ಕುಳಿತು ಬಹಳ ಹೊತ್ತು ನೋಡಿದೆವು. ಮನೆಯವರು ಮೆಲ್ಲನೆ, “ಕದ್ರಿಗೆ ಹೋದ ಹಾಗಾಯಿತು” ಎಂದರು.

ಅಲ್ಲಿಂದ ನಾಲ್ಕು ಹೆಜ್ಜೆ ಮೇಲೆ ನಿಗತ್ಸುದೋ. ಪ್ರತಿ ಮಾರ್ಚ್ ತಿಂಗಳಲ್ಲಿ ಇಲ್ಲಿ ಭಿಕ್ಷುಗಳು ಲೋಕದ ಪಾಪಗಳನ್ನು ತಮ್ಮದೆಂದು ಒಪ್ಪಿ ಪ್ರಾಯಶ್ಚಿತ್ತ ಮಾಡುತ್ತಾರೆ. 752ರಲ್ಲಿ ಆರಂಭವಾದ ಈ ವ್ರತ ಒಂದು ವರ್ಷವೂ ತಪ್ಪಿಲ್ಲ. 1180ರ ಬೆಂಕಿಯ ಮರುವರ್ಷವೂ ನಡೆಯಿತು, 1868ರ ಬಳಿಕವೂ ನಡೆಯಿತು. ಈ ಬೌದ್ಧ ವ್ರತದಲ್ಲಿ ಜಪಾನಿನ ದೈವಗಳ ಹೆಸರುಗಳನ್ನು ಓದಿ ಆಹ್ವಾನಿಸುತ್ತಾರೆ. ಹಿಂದೊಮ್ಮೆ ಮೀನು ಹಿಡಿಯುತ್ತಿದ್ದು ತಡವಾಗಿ ಬಂದ ವಕಾಸಾ ಪ್ರಾಂತದ ದೈವವೊಂದು, ತಪ್ಪು ಕಾಣಿಕೆಯಾಗಿ ಇಲ್ಲಿ ನೀರು ಚಿಮ್ಮಿಸಿತಂತೆ. ಮಾರ್ಚ್ 12ರ ನಡುರಾತ್ರಿ ಕಳೆದ ಮೇಲೆ ಆ ಬಾವಿಯ ನೀರನ್ನು ಸೇದಿ ಅವಲೋಕಿತೇಶ್ವರನಿಗೆ ಅರ್ಪಿಸುತ್ತಾರೆ. ಯಾವ ಆಜ್ಞೆಯೂ ಈ ಬಾವಿಯನ್ನು ಬತ್ತಿಸಲಿಲ್ಲ.

ಸಂಜೆಯ ಹೊತ್ತಿಗೆ ಕಾಡಿನ ಅಂಚಿನಲ್ಲಿ ನಡೆದು ಕಸುಗಾ ತಲುಪಿದೆವು. 768ರಲ್ಲಿ ಸ್ಥಾಪನೆಯಾಯಿತೆಂದು ಹೇಳುವ ಈ ಗುಡಿಯಲ್ಲಿ ಕಲ್ಲಿನವು, ತೂಗುಬಿಟ್ಟವು ಸೇರಿ ಸುಮಾರು 3,000 ದೀಪಗೂಡುಗಳಿವೆ. ಶತಮಾನಗಳಿಂದ ಭಕ್ತರು ಹರಕೆಯಾಗಿ ಒಪ್ಪಿಸಿದವು ಅವು. ಹಿಂದಿನ ಕಾಡಿನಲ್ಲಿ 841ರಿಂದ ಮರ ಕಡಿಯುವುದು, ಬೇಟೆಯಾಡುವುದು ನಿಷಿದ್ಧ. ನಮ್ಮ ನಾಗಬನಗಳಿಗೆ ಇರುವ ಕಟ್ಟಳೆಯೇ ಇದು. ಆದರೆ ಅಲ್ಲಿ ಒಂದು ಬೆಟ್ಟವೇ ಬನವಾಗಿ ಉಳಿದಿದೆ. ಇಲ್ಲಿ ತಿಳಿದುಬಂದ ಒಂದು ಸಂಗತಿ ಆ ದಿನದ ಎಲ್ಲ ಆಯಾಸವನ್ನೂ ಕಳೆಯಿತು. ಪ್ರತಿ ವರ್ಷ ಜನವರಿ 2ರಂದು ಕೋಫುಕುಜಿಯ ಪ್ರಧಾನ ಭಿಕ್ಷು ತನ್ನ ಪರಿವಾರದೊಡನೆ ಕಸುಗಾಕ್ಕೆ ಬರುತ್ತಾನೆ. ಶಿಂತೋ ಅರ್ಚಕರ ಸಮ್ಮುಖದಲ್ಲಿ, ದೈವದ ಮುಂದೆ ನಿಂತು ಬೌದ್ಧ ಸೂತ್ರಗಳನ್ನು ಪಠಿಸುತ್ತಾನೆ. ಗೆರೆಯನ್ನು ಯಾರೂ ಅಳಿಸಲಿಲ್ಲ. ಎರಡೂ ಸಂಸ್ಥೆಗಳು ಇಂದಿಗೂ ಬೇರೆಬೇರೆ. ಆದರೆ ನಡೆದುಹೋಗುವ ಕಾಲುಗಳು ನಿಂತಿಲ್ಲ.

ಗೆರೆಗಳ ವಿಷಯ ನಮಗೆ ಹೊಸತಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಭಾಗವಾಗಿದ್ದ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಸಂಘದ ಹಿರಿಯರು ಅಂದಿನ ನೋವನ್ನು ಬಲ್ಲರು; ಕಚೇರಿಯ ಅರ್ಜಿಯಲ್ಲಿ, ಶಾಲೆಯ ಪಾಠದಲ್ಲಿ ಆ ಗೆರೆ ಇಂದಿಗೂ ನಮ್ಮ ಕಾಲಿಗೆ ತೊಡರುತ್ತದೆ. ನಾರಾದ ಕಥೆ ಆ ನೋವನ್ನು ಕಡಿಮೆ ಮಾಡುವುದಿಲ್ಲ. ಗೆರೆ ಬಿದ್ದ ಮೊದಲ ದಿನಗಳಲ್ಲಿ ಅಲಕ್ಷ್ಯದಿಂದ, ಆತುರದಿಂದ ಕಳೆದುಕೊಂಡದ್ದು ಮರಳಿ ಬರುವುದಿಲ್ಲವೆಂದು ಏಯ್ಕ್ಯೂಜಿಯ ಕೊಳ ಎಚ್ಚರಿಸುತ್ತದೆ. ಉಳಿದದ್ದು ತಾನಾಗಿ ಉಳಿಯಲಿಲ್ಲವೆಂದು ನಿಗತ್ಸುದೋದ ಬಾವಿ ಹೇಳುತ್ತದೆ. ಪ್ರತಿ ವರ್ಷ ಯಾರೋ ಒಬ್ಬರು ನಡುರಾತ್ರಿಯಲ್ಲಿ ಎದ್ದು ನೀರು ಸೇದಬೇಕು. ಮಧೂರಿನ ಗಣಪತಿಗೆ ಎರಡೂ ರಾಜ್ಯಗಳ ಭಕ್ತರು ಬರುತ್ತಾರೆ, ಯಕ್ಷಗಾನದ ಮೇಳಗಳು ಗಡಿಯ ಎರಡೂ ಕಡೆ ಕುಣಿಯುತ್ತವೆ, ನಮ್ಮ ಈ ಸಮ್ಮೇಳನಕ್ಕೆ ಮಕ್ಕಳನ್ನು ಕರೆದುಕೊಂಡು ಕುಟುಂಬಗಳು ಬರುತ್ತವೆ. ಇವೆಲ್ಲವೂ ನೀರು ಸೇದುವ ಕೆಲಸವೇ.

ಕಲ್ಲಿನ ದೀಪಗೂಡುಗಳ ನಡುವೆ ಇಳಿದು ರೈಲಿನ ಕಡೆ ನಡೆಯುವಾಗ ಕತ್ತಲಾಗುತ್ತಿತ್ತು. ಜಿಂಕೆಗಳು ಮರಗಳ ಬುಡದಲ್ಲಿ ಮಲಗಲು ಜಾಗ ಹುಡುಕುತ್ತಿದ್ದವು. ಊರಿಗೆ ಮರಳಿದ ಮೇಲೆ ಮೊದಲ ಸೋಮವಾರವೇ ಕದ್ರಿಗೆ ಹೋದೆವು. ಲೋಕೇಶ್ವರನ ಮುಂದೆ ನಿಂತಾಗ, ಬೋಧಿಸೇನನ ಕುಂಚಕ್ಕೆ ಕಟ್ಟಿದ್ದ ಆ ನೀಲಿ ಹುರಿಯ ನೆನಪಾಯಿತು. ಕೈಮುಗಿದೆವು.